ಹಿತ್ತಾಳೆ ಬಿಲ್ಲೆಯ ಹಂಗು: ಪತ್ರಿಕೆಗಳೊಡನೆ ಅಪ್ಟನ್ ಸಿಂಕ್ಲೇರ್ ನಡೆಸಿದ ಹೋರಾಟ

ಅಮೆರಿಕದ ಸುದ್ದಿ ಮಾಧ್ಯಮಗಳು ರಾಜಕೀಯವನ್ನು ಬಿಂಬಿಸುವ ಬಗೆಯ ಕುರಿತು ಅಲ್ಲಿನ ಜನರಿಗಿರುವ ಬೇಸರ ಇಂದು ನಿನ್ನೆಯದಲ್ಲ. ಟೆಲಿವಿಷನ್ ಚರ್ಚೆಗಳಾಗಲೀ ಇಂಟರ್‌ನೆಟ್ ಆಗಲೀ ಇಲ್ಲದ ಕಾಲದಲ್ಲೇ ಆ ಬೇಸರವನ್ನು ನಾನೂರಕ್ಕೂ ಹೆಚ್ಚು ಪುಟಗಳ ದೋಷಾರೋಪ ಪಟ್ಟಿಯಾಗಿ ಬರೆದಿಟ್ಟವರು ಕಾದಂಬರಿಕಾರ ಅಪ್ಟನ್ ಸಿಂಕ್ಲೇರ್. ಆ ಪುಸ್ತಕ ಹೊರಬಂದದ್ದು 1919ರಲ್ಲಿ. ಹದಿನೈದು ವರ್ಷಗಳ ನಂತರ ಅವರು ಕ್ಯಾಲಿಫೋರ್ನಿಯ ರಾಜ್ಯದ ಗವರ್ನರ್ ಹುದ್ದೆಗೆ ಸ್ಪರ್ಧಿಸಿದಾಗ, ಪುಸ್ತಕದಲ್ಲಿ ವರ್ಣಿಸಿದ್ದ ಅಸ್ತ್ರಗಳೆಲ್ಲ ಅವರ ಮೇಲೆಯೇ ಪ್ರಯೋಗವಾದವು. ಪತ್ರಿಕೆಗಳ ವಿರುದ್ಧ ಸಾಕ್ಷಿ ನುಡಿದವರೇ ಕೊನೆಗೆ ತಮ್ಮ ವಾದಕ್ಕೆ ಅತಿ ದೊಡ್ಡ ಪುರಾವೆಯಾದರು.

ಬಡತನ ಮತ್ತು ಸಿರಿತನದ ನಡುವೆ

ಸಿಂಕ್ಲೇರ್ ಹುಟ್ಟಿದ್ದು 1878ರ ಸೆಪ್ಟೆಂಬರ್ 20ರಂದು, ಬಾಲ್ಟಿಮೋರ್ ನಗರದಲ್ಲಿ. ತಂದೆ ಮದ್ಯದ ಮಾರಾಟ ಪ್ರತಿನಿಧಿ. ಮಾರುತ್ತಿದ್ದ ಸರಕಿಗೆ ತಾವೇ ದಾಸರಾಗಿದ್ದರು. ತಾಯಿಯ ತವರು ಸಿರಿವಂತರದು. ಹೀಗಾಗಿ ಬಾಲಕ ಕೆಲವು ರಾತ್ರಿ ತಿಗಣೆ ತುಂಬಿದ ಬಾಡಿಗೆ ಕೋಣೆಯಲ್ಲಿ, ಕೆಲವು ರಾತ್ರಿ ಬಂಧುಗಳ ಮಹಲಿನಲ್ಲಿ ಮಲಗಿ ಬೆಳೆಯಬೇಕಾಯಿತು. ಒಂದೇ ವಂಶದಲ್ಲಿ ಕೆಲವರಿಗೆ ಎಲ್ಲವೂ ಇದ್ದು ಕೆಲವರಿಗೆ ಏನೂ ಇರದಿರುವುದೇಕೆ ಎಂಬ ಪ್ರಶ್ನೆ ಅವರನ್ನು ಜೀವನಪೂರ್ತಿ ಬಿಡಲಿಲ್ಲ.

ಕುಟುಂಬ ನ್ಯೂಯಾರ್ಕಿಗೆ ಬಂದ ಮೇಲೆ ಹದಿನಾಲ್ಕರ ಎಳೆಯ ವಯಸ್ಸಿನಲ್ಲೇ ಅವರು ಸಿಟಿ ಕಾಲೇಜ್ ಸೇರಿದರು. ಪತ್ರಿಕೆಗಳಿಗೆ ನಗೆಹನಿಗಳನ್ನೂ ಹುಡುಗರಿಗಾಗಿ ಅಗ್ಗದ ಸಾಹಸ ಕಥೆಗಳನ್ನೂ ಬರೆದು ಓದಿನ ಖರ್ಚು ತೂಗಿಸಿದರು. ಹಣ ಕೊಡುವವರಿಗೆ ಬೇಕಾದುದನ್ನು ಬೇಕಾದಷ್ಟು ಉದ್ದಕ್ಕೆ ಬರೆದುಕೊಡುವ ಕಸುಬು ಎಂಥದೆಂಬುದನ್ನು ಅವರು ಕಲಿತದ್ದು ಅಲ್ಲಿ. ಮುಂದೆ ಪತ್ರಕರ್ತರ ಪಾಡನ್ನು ಕುರಿತು ಬರೆಯುವಾಗ ಆ ಅನುಭವ ಅವರ ಬೆನ್ನಿಗಿತ್ತು.

ಕಸಾಯಿಖಾನೆಯಿಂದ ಶ್ವೇತಭವನಕ್ಕೆ

1904ರಲ್ಲಿ ಷಿಕಾಗೊ ನಗರದ ಮಾಂಸ ಸಂಸ್ಕರಣಾ ಕಾರ್ಮಿಕರ ಮುಷ್ಕರ ಸೋತಿತು. ಕ್ಯಾನ್ಸಾಸ್ ರಾಜ್ಯದಿಂದ ಹೊರಡುತ್ತಿದ್ದ ‘ಅಪೀಲ್ ಟು ರೀಸನ್’ ಎಂಬ ಸಮಾಜವಾದಿ ವಾರಪತ್ರಿಕೆ 500 ಡಾಲರ್ ಮುಂಗಡ ಕೊಟ್ಟು ಸಿಂಕ್ಲೇರ್ ಅವರಿಗೆ ಆ ಬದುಕನ್ನು ಕುರಿತು ಕಾದಂಬರಿ ಬರೆಯಲು ಹೇಳಿತು. ಹಳೆಯ ಬಟ್ಟೆ ತೊಟ್ಟು, ಕೈಯಲ್ಲಿ ಊಟದ ಡಬ್ಬಿ ಹಿಡಿದು, ಏಳು ವಾರಗಳ ಕಾಲ ಅವರು ಕಸಾಯಿಖಾನೆಗಳ ಒಳಹೊರಗೆ ಅಲೆದರು. 1905ರಲ್ಲಿ ಧಾರಾವಾಹಿಯಾಗಿ ಬಂದ ‘ದಿ ಜಂಗಲ್’ ಅನ್ನು ಪುಸ್ತಕವಾಗಿಸಲು ಹಲವು ಪ್ರಕಾಶಕರು ಹಿಂಜರಿದರು. ಕೊನೆಗೆ ಡಬಲ್‌ಡೇ ಸಂಸ್ಥೆ ತನ್ನದೇ ಪ್ರತಿನಿಧಿಯನ್ನು ಷಿಕಾಗೊಗೆ ಕಳುಹಿಸಿ, ಬರೆದದ್ದು ನಿಜವೆಂದು ಖಾತರಿಪಡಿಸಿಕೊಂಡ ಮೇಲೆ 1906ರ ಫೆಬ್ರವರಿಯಲ್ಲಿ ಪ್ರಕಟಿಸಿತು.

ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ತನಿಖೆಗೆ ಇಬ್ಬರನ್ನು ನೇಮಿಸಿದರು. ಅವರ ವರದಿ ಕಾದಂಬರಿಯ ಮುಖ್ಯಾಂಶಗಳನ್ನು ಸಮರ್ಥಿಸಿತು. ಅದೇ ವರ್ಷ ಜೂನ್ 30ರಂದು ಮಾಂಸ ತಪಾಸಣಾ ಕಾಯ್ದೆ ಮತ್ತು ಶುದ್ಧ ಆಹಾರ-ಔಷಧ ಕಾಯ್ದೆ ಎರಡಕ್ಕೂ ಸಹಿ ಬಿತ್ತು. ಆದರೆ ಲೇಖಕರಿಗೆ ತೃಪ್ತಿಯಾಗಲಿಲ್ಲ. ಅವರು ಬರೆದದ್ದು ಕೂಲಿಕಾರರ ಸಂಕಟವನ್ನು. ಓದುಗರು ಗಾಬರಿಯಾದದ್ದು ತಮ್ಮ ತಟ್ಟೆಗೆ ಬರುವ ಮಾಂಸದ ಬಗ್ಗೆ ಮಾತ್ರ. ಮಾಂಸದ ಕಂಪನಿಗಳು ಪತ್ರಿಕೆಗಳಿಗೆ ಜಾಹೀರಾತಿನ ಮೂಲಕ ಸುರಿಯುತ್ತಿದ್ದ ಹಣವೇ ತಮ್ಮ ಮಾತು ಪೂರ್ಣವಾಗಿ ಜನರನ್ನು ಮುಟ್ಟದಿರಲು ಕಾರಣವೆಂಬ ಶಂಕೆ ಅವರಲ್ಲಿ ಬೇರೂರಿದ್ದು ಆಗಲೇ.

ಮುಂದಿನ ವರ್ಷಗಳು ಆ ಶಂಕೆಯನ್ನು ಕೋಪವಾಗಿಸಿದವು. ‘ದಿ ಜಂಗಲ್’ ತಂದ ಹಣದಿಂದ ನ್ಯೂಜೆರ್ಸಿಯಲ್ಲಿ ಹೆಲಿಕಾನ್ ಹಾಲ್ ಎಂಬ ಸಹಜೀವನದ ಮನೆಯೊಂದನ್ನು ಅವರು ಸ್ಥಾಪಿಸಿದರು. ಕೆಲವು ಕುಟುಂಬಗಳು ಅಡುಗೆ, ಮಕ್ಕಳ ಪಾಲನೆಗಳನ್ನು ಹಂಚಿಕೊಂಡು ಬಾಳುವ ಪ್ರಯೋಗ ಅದು. ಪತ್ರಿಕೆಗಳಿಗೆ ಅದು ಸ್ವೇಚ್ಛೆಯ ಬೀಡಾಗಿ ಕಂಡಿತು. 1907ರ ಮಾರ್ಚ್‌ನಲ್ಲಿ ಮನೆ ಬೆಂಕಿಗೆ ಆಹುತಿಯಾಗಿ ಒಬ್ಬರು ಸತ್ತಾಗಲೂ ಚುಚ್ಚುನುಡಿ ನಿಲ್ಲಲಿಲ್ಲ. 1911ರಲ್ಲಿ ಮೊದಲ ಪತ್ನಿಯಿಂದ ವಿಚ್ಛೇದನ ಕೋರಿದಾಗ ಅವರ ದಾಂಪತ್ಯದ ವಿವರಗಳು ಮುಖಪುಟಗಳ ರಸವಾರ್ತೆಯಾದವು. ಕಾರ್ಮಿಕರ ಬಗ್ಗೆ ಅವರು ಹೇಳುವುದಕ್ಕೆ ಜಾಗ ಕೊಡದ ಪತ್ರಿಕೆಗಳಲ್ಲಿ ಅವರ ಮನೆಯೊಳಗಿನ ಸಂಗತಿಗೆ ಜಾಗದ ಕೊರತೆ ಇರಲಿಲ್ಲ.

ಲಡ್ಲೊ ದುರಂತ

1914ರ ಏಪ್ರಿಲ್ 20ರಂದು ಕೊಲೊರಾಡೊ ರಾಜ್ಯದ ಲಡ್ಲೊ ಎಂಬಲ್ಲಿ ಮುಷ್ಕರನಿರತ ಕಲ್ಲಿದ್ದಲು ಕಾರ್ಮಿಕರ ಡೇರೆಗಳ ಮೇಲೆ ಸಶಸ್ತ್ರ ಪಡೆಗಳು ದಾಳಿ ನಡೆಸಿದವು. ಡೇರೆಯೊಂದರ ಕೆಳಗೆ ತೋಡಿದ ಗುಂಡಿಯಲ್ಲಿ ಅಡಗಿದ್ದ ಇಬ್ಬರು ಹೆಂಗಸರು ಮತ್ತು ಹನ್ನೊಂದು ಮಕ್ಕಳು ಉಸಿರುಗಟ್ಟಿ ಸತ್ತರು. ಅಲ್ಲಿನ ಮುಖ್ಯ ಗಣಿ ಕಂಪನಿಯ ಹಿಡಿತ ರಾಕ್‌ಫೆಲ್ಲರ್ ಕುಟುಂಬದ್ದು. ಸಿಂಕ್ಲೇರ್ ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿದ್ದ ರಾಕ್‌ಫೆಲ್ಲರ್ ಕಚೇರಿಯ ಮುಂದೆ ಮೌನವಾಗಿ ನಡೆದಾಡಿ ಪ್ರತಿಭಟಿಸಿ ಜೈಲಿಗೆ ಹೋದರು. ಗಣಿಯ ಸಾವುಗಳಿಗಿಂತ ಖ್ಯಾತ ಲೇಖಕನ ಬಂಧನವೇ ಪತ್ರಿಕೆಗಳಿಗೆ ಹೆಚ್ಚು ರುಚಿಸಿತು. ಅದನ್ನು ಅರಿತೇ ಅವರು ಆ ಮಾರ್ಗ ಹಿಡಿದಿದ್ದರು.

ಅಲ್ಲಿಂದ ಅವರು ಡೆನ್ವರ್‌ಗೆ ತೆರಳಿದರು. ರಾಜ್ಯದ ಗವರ್ನರ್ ರಾಷ್ಟ್ರಾಧ್ಯಕ್ಷ ವಿಲ್ಸನ್ ಅವರಿಗೆ ಕಳುಹಿಸಿದ ತಂತಿಯಲ್ಲಿ ಸುಳ್ಳು ಇದೆಯೆಂದು ತೋರಿಸುವ ಸುದ್ದಿಯನ್ನು ಅವರು ಅಸೋಸಿಯೇಟೆಡ್ ಪ್ರೆಸ್ ಕಚೇರಿಗೆ ಒಯ್ದರು. ಅವರು ಬರೆದಿಟ್ಟಿರುವ ಪ್ರಕಾರ ಸಂಸ್ಥೆ ಅದನ್ನು ರವಾನಿಸಲು ಒಪ್ಪಲಿಲ್ಲ. ಆಗಿನ ಕಾಲದಲ್ಲಿ ದೂರದ ಊರಿನ ಸುದ್ದಿ ದೇಶಕ್ಕೆಲ್ಲ ತಲುಪಬೇಕಾದರೆ ಬಹುತೇಕ ಆ ಸಂಸ್ಥೆಯ ತಂತಿಯ ಮೂಲಕವೇ ಹೋಗಬೇಕಿತ್ತು. ಆ ಒಂದು ಬಾಗಿಲು ಮುಚ್ಚಿದರೆ ಕೊಲೊರಾಡೊದಲ್ಲಿ ನಡೆದದ್ದು ನ್ಯೂಯಾರ್ಕಿನವರ ಪಾಲಿಗೆ ನಡೆದೇ ಇಲ್ಲ.

‘ದಿ ಬ್ರಾಸ್ ಚೆಕ್’

ಈ ಎಲ್ಲ ಕಹಿಯನ್ನು ಒಟ್ಟುಗೂಡಿಸಿ 1919ರಲ್ಲಿ ಅವರು ಹೊರತಂದ ಪುಸ್ತಕ ‘ದಿ ಬ್ರಾಸ್ ಚೆಕ್’. ಶೀರ್ಷಿಕೆಯ ಅರ್ಥವೇ ಏಟಿನಂತಿತ್ತು. ಅಂದಿನ ವೇಶ್ಯಾಗೃಹಗಳಲ್ಲಿ ಗಿರಾಕಿ ಬಾಗಿಲಲ್ಲಿ ಹಣ ಕಟ್ಟಿ ಹಿತ್ತಾಳೆಯ ಬಿಲ್ಲೆಯೊಂದನ್ನು ಪಡೆದು ಒಳಗಿನ ಹೆಣ್ಣಿಗೆ ಕೊಡುತ್ತಿದ್ದ. ಪತ್ರಕರ್ತನ ಸಂಬಳದ ಲಕೋಟೆಯಲ್ಲಿರುವುದೂ ಅದೇ ಬಿಲ್ಲೆ ಎಂಬುದು ಸಿಂಕ್ಲೇರ್ ಅವರ ಆರೋಪ. ಬಿಲ್ಲೆ ಪಡೆದವರನ್ನಲ್ಲ, ಹಣ ಕಟ್ಟಿಸಿಕೊಳ್ಳುವ ಮನೆಯನ್ನು ಅವರು ದೂರಿದ್ದರು. ಪತ್ರಿಕೆಯ ಮಾಲೀಕ, ಆ ಮಾಲೀಕನಿಗೆ ಸಾಲ ಕೊಟ್ಟ ಬ್ಯಾಂಕು, ಪುಟ ತುಂಬಿಸುವ ಜಾಹೀರಾತುದಾರ ಮತ್ತು ಸುದ್ದಿಯ ತಂತಿಯನ್ನು ಕೈಯಲ್ಲಿಟ್ಟುಕೊಂಡ ಸಂಸ್ಥೆ, ಈ ನಾಲ್ಕರ ಹಂಗಿನಲ್ಲಿ ಸತ್ಯ ಸಿಕ್ಕಿಕೊಂಡಿದೆ ಎಂಬುದು ಪುಸ್ತಕದ ಸಾರ.

ಪುಸ್ತಕವನ್ನು ಕ್ಯಾಲಿಫೋರ್ನಿಯದ ಪ್ಯಾಸಡೀನಾದಿಂದ ಅವರು ಸ್ವಂತವಾಗಿ ಪ್ರಕಟಿಸಿದರು. ಯಾರು ಬೇಕಾದರೂ ಮುದ್ರಿಸಿಕೊಳ್ಳಲೆಂದು ಹಕ್ಕುಸ್ವಾಮ್ಯವನ್ನೇ ಇಟ್ಟುಕೊಳ್ಳಲಿಲ್ಲ. ಹೆಚ್ಚಿನ ಪತ್ರಿಕೆಗಳು ವಿಮರ್ಶೆ ಬರೆಯಲಿಲ್ಲ. ‘ನ್ಯೂಯಾರ್ಕ್ ಟೈಮ್ಸ್’ ಸೇರಿದಂತೆ ಹಲವು ಪತ್ರಿಕೆಗಳು ಹಣ ಕೊಟ್ಟರೂ ಜಾಹೀರಾತು ಹಾಕಲಿಲ್ಲ. ಹಾಗಿದ್ದೂ ಒಂದು ದಶಕದಲ್ಲಿ ಒಂದೂವರೆ ಲಕ್ಷ ಪ್ರತಿಗಳು ಖರ್ಚಾದವು.

ಪುಸ್ತಕ ನಿರ್ದೋಷಿಯಲ್ಲ. ಅದರ ಬಹುಭಾಗ ಲೇಖಕರ ಸ್ವಂತ ನೋವಿನ ಲೆಕ್ಕ. ಅವಸರದಿಂದಾದ ತಪ್ಪಿಗೂ ಅಲ್ಲಿ ಸಂಚಿನ ಬಣ್ಣ ಹತ್ತುತ್ತದೆ. ವಾಲ್ಟರ್ ಲಿಪ್‌ಮನ್ 1922ರ ತಮ್ಮ ‘ಪಬ್ಲಿಕ್ ಒಪೀನಿಯನ್’ ಕೃತಿಯಲ್ಲಿ ಈ ವಾದವನ್ನು ಪ್ರಶ್ನಿಸಿದರು. ಬಂಡವಾಳದ ಹಂಗಿಲ್ಲದ ಕಾರ್ಮಿಕ ಪತ್ರಿಕೆಗಳಾದರೂ ಪೂರ್ಣ ಸತ್ಯವನ್ನೇಕೆ ಹೇಳುತ್ತಿಲ್ಲ, ದೋಷ ಮಾಲೀಕತ್ವಕ್ಕಿಂತ ಆಳದಲ್ಲಿಲ್ಲವೇ ಎಂಬುದು ಅವರ ತಕರಾರು. ಆದರೆ ಸುದ್ದಿ ಸಂಸ್ಥೆಯ ಏಕಸ್ವಾಮ್ಯದ ಬಗ್ಗೆ ಸಿಂಕ್ಲೇರ್ ಎತ್ತಿದ ಆಕ್ಷೇಪ ಟೊಳ್ಳಾಗಿರಲಿಲ್ಲ. ಸದಸ್ಯ ಪತ್ರಿಕೆಗಳು ತಮ್ಮ ಪ್ರತಿಸ್ಪರ್ಧಿಗಳಿಗೆ ಸದಸ್ಯತ್ವ ದೊರೆಯದಂತೆ ತಡೆಯಲು ನೆರವಾಗುತ್ತಿದ್ದ ಅಸೋಸಿಯೇಟೆಡ್ ಪ್ರೆಸ್ಸಿನ ನಿಯಮಗಳು ಕಾನೂನುಬಾಹಿರವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1945ರಲ್ಲಿ ತೀರ್ಪಿತ್ತಿತು.

ಕೇವಲ ಬೈದು ಸುಮ್ಮನಾಗುವ ಸ್ವಭಾವ ಅವರದಲ್ಲ. ಜಾಹೀರಾತು ಇಲ್ಲದ, ಯಾವ ಪಕ್ಷದ ಪರವಾಗಿಯೂ ವಾದಿಸದ, ಸುದ್ದಿಯನ್ನಷ್ಟೇ ಕೊಡುವ ರಾಷ್ಟ್ರೀಯ ವಾರಪತ್ರಿಕೆಯೊಂದನ್ನು ಕಟ್ಟಲು ಅವರು ಯೋಜನೆ ಹಾಕಿದರು. ಅದು ಕೈಗೂಡಲಿಲ್ಲ. 1923ರ ಮೇ ತಿಂಗಳಲ್ಲಿ ಸ್ಯಾನ್ ಪೆಡ್ರೊ ಬಂದರಿನಲ್ಲಿ ಮುಷ್ಕರ ಹೂಡಿದ್ದ ಹಮಾಲರ ಎದುರು ಸಂವಿಧಾನದ ವಾಕ್ ಸ್ವಾತಂತ್ರ್ಯದ ವಿಧಿಯನ್ನು ಓದಿದ್ದಕ್ಕೆ ಪೊಲೀಸರು ಅವರನ್ನು ಬಂಧಿಸಿದರು. ನಾಗರಿಕ ಹಕ್ಕುಗಳ ಒಕ್ಕೂಟದ ದಕ್ಷಿಣ ಕ್ಯಾಲಿಫೋರ್ನಿಯ ಶಾಖೆ ಹುಟ್ಟಿದ್ದು ಆ ಘಟನೆಯ ಬೆನ್ನಿಗೇ.

1934: ಚುನಾವಣೆಯ ಕಣದಲ್ಲಿ

ಮಹಾ ಆರ್ಥಿಕ ಕುಸಿತದ ಆ ದಿನಗಳಲ್ಲಿ ಕ್ಯಾಲಿಫೋರ್ನಿಯದಲ್ಲಿ ಲಕ್ಷಾಂತರ ಜನ ಕೆಲಸವಿಲ್ಲದೆ ಕುಳಿತಿದ್ದರು. ಬೆಲೆ ಇಲ್ಲದ ಕಾರಣ ಹಣ್ಣುಗಳು ತೋಟದಲ್ಲೇ ಕೊಳೆಯುತ್ತಿದ್ದವು, ಹೊಟ್ಟೆಗಿಲ್ಲದವರು ಬೇಲಿಯಾಚೆ ನಿಂತಿದ್ದರು. ಸಮಾಜವಾದಿ ಪಕ್ಷದಿಂದ ಈ ಹಿಂದೆ ಸ್ಪರ್ಧಿಸಿ ಸೋತಿದ್ದ ಸಿಂಕ್ಲೇರ್ 1933ರಲ್ಲಿ ಡೆಮಾಕ್ರಟಿಕ್ ಪಕ್ಷ ಸೇರಿದರು. ತಾವು ಗವರ್ನರ್ ಆಗಿ ಬಡತನ ನೀಗಿಸಿದ್ದನ್ನು ಭವಿಷ್ಯದಿಂದ ಹಿಂದಿರುಗಿ ನೋಡಿ ಹೇಳಿದಂತೆ ಒಂದು ಕಿರುಹೊತ್ತಗೆ ಬರೆದರು. ಪಾಳುಬಿದ್ದ ಹೊಲಗಳನ್ನೂ ಮುಚ್ಚಿದ ಕಾರ್ಖಾನೆಗಳನ್ನೂ ರಾಜ್ಯವೇ ಪಡೆದು ನಿರುದ್ಯೋಗಿಗಳಿಗೆ ವಹಿಸುವುದು, ಅವರು ಬೆಳೆದದ್ದನ್ನೂ ತಯಾರಿಸಿದ್ದನ್ನೂ ಅವರವರೇ ವಿನಿಮಯ ಮಾಡಿಕೊಳ್ಳುವುದು, ಅರವತ್ತು ದಾಟಿದ ಬಡವರಿಗೆ ತಿಂಗಳಿಗೆ 50 ಡಾಲರ್ ಪಿಂಚಣಿ, ಇವು ಮುಖ್ಯ ಅಂಶಗಳು. ಯೋಜನೆಗೆ ‘ಎಪಿಕ್’ ಎಂಬ ಹೆಸರು ಬಿತ್ತು.

ದೊಡ್ಡ ಪತ್ರಿಕೆಗಳು ಕಡೆಗಣಿಸಿದಾಗ ಕಾರ್ಯಕರ್ತರು ‘ಎಪಿಕ್ ನ್ಯೂಸ್’ ಎಂಬ ತಮ್ಮದೇ ವಾರಪತ್ರಿಕೆ ಹೊರಡಿಸಿದರು. ರಾಜ್ಯದ ತುಂಬ ನೂರಾರು ಕ್ಲಬ್‌ಗಳು ಎದ್ದವು. 1934ರ ಆಗಸ್ಟ್ 28ರ ಪಕ್ಷದ ಒಳ ಚುನಾವಣೆಯಲ್ಲಿ ಸಿಂಕ್ಲೇರ್ ನಾಲ್ಕು ಲಕ್ಷಕ್ಕೂ ಹೆಚ್ಚು ಮತ ಪಡೆದು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಪ್ರಚಾರ ಸಮಿತಿಯ ಮುಖ್ಯಸ್ಥರಾಗಿದ್ದ ಜಾರ್ಜ್ ಕ್ರೀಲ್ ಅವರನ್ನು ಸೋಲಿಸಿದರು. ಅಧ್ಯಕ್ಷ ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು ಮನೆಗೆ ಕರೆಸಿ ಆದರದಿಂದ ಮಾತನಾಡಿಸಿದರು, ಆದರೆ ಬಹಿರಂಗ ಬೆಂಬಲ ನೀಡಲಿಲ್ಲ.

ಅಲ್ಲಿಂದ ನವೆಂಬರ್‌ವರೆಗೆ ನಡೆದದ್ದು ಅಮೆರಿಕದ ಚುನಾವಣೆಗಳ ಸ್ವರೂಪವನ್ನೇ ಬದಲಿಸಿತು. ಮಾಜಿ ವರದಿಗಾರ ಕ್ಲೆಮ್ ವಿಟೇಕರ್ ಮತ್ತು ಲಿಯೋನ್ ಬ್ಯಾಕ್ಸ್‌ಟರ್ 1933ರಲ್ಲಿ ಕ್ಯಾಂಪೇನ್ಸ್ ಇನ್‌ಕಾರ್ಪೊರೇಟೆಡ್ ಎಂಬ ಸಂಸ್ಥೆ ತೆರೆದಿದ್ದರು. ಚುನಾವಣೆ ನಡೆಸಿಕೊಡುವುದನ್ನೇ ವ್ಯಾಪಾರವಾಗಿಸಿದ ಆ ದೇಶದ ಮೊದಲ ಸಂಸ್ಥೆ ಎಂದು ಅದನ್ನು ಗುರುತಿಸಲಾಗುತ್ತದೆ. ಅವರು ಸಿಂಕ್ಲೇರ್ ಬರೆದದ್ದನ್ನೆಲ್ಲ ರಾಶಿ ಹಾಕಿಕೊಂಡು ಕುಳಿತು, ಓದುಗರನ್ನು ಕೆರಳಿಸಬಲ್ಲ ವಾಕ್ಯಗಳನ್ನು ಹೆಕ್ಕಿದರು. ‘ಲಾಸ್ ಏಂಜಲೀಸ್ ಟೈಮ್ಸ್’ ಮುಖಪುಟದ ಚೌಕಟ್ಟಿನಲ್ಲಿ ದಿನವೂ ಅಂಥ ಒಂದು ತುಣುಕು ಅಚ್ಚಾಗತೊಡಗಿತು. ಧರ್ಮ, ಮದುವೆ, ದೇಶಭಕ್ತಿ ಯಾವುದನ್ನೂ ಬಿಡಲಿಲ್ಲ. 1911ರ ‘ಲವ್ಸ್ ಪಿಲ್‌ಗ್ರಿಮೇಜ್’ ಕಾದಂಬರಿಯ ಪಾತ್ರವೊಂದು ವಿವಾಹದ ಪಾವಿತ್ರ್ಯದ ಬಗ್ಗೆ ಆಡಿದ ಮಾತು ಅಭ್ಯರ್ಥಿಯ ಸ್ವಂತ ನಂಬಿಕೆಯಾಗಿ ಮತದಾರರ ಮುಂದೆ ಬಂತು. ಅಚ್ಚಾದ ಪದಗಳು ಪುಸ್ತಕದಲ್ಲಿ ಇದ್ದದ್ದು ನಿಜ. ಅವನ್ನು ಆಡಿದವರು ಯಾರು, ಯಾವ ಸಂದರ್ಭದಲ್ಲಿ ಎಂಬುದಷ್ಟೇ ಮಾಯವಾಗಿತ್ತು. ನಿರಾಕರಿಸಲು ಹೊರಟವರಿಗೆ ಅದಕ್ಕಿಂತ ಕಷ್ಟದ ಸುಳ್ಳು ಇನ್ನೊಂದಿಲ್ಲ.

ಸಿಂಕ್ಲೇರ್ ಸಭೆಗಳ ವರದಿ ಮಾತ್ರ ಹುಡುಕಿದರೂ ಸಿಗುತ್ತಿರಲಿಲ್ಲ. ಪೂರ್ವದಿಂದ ಬಂದಿದ್ದ ‘ನ್ಯೂಯಾರ್ಕ್ ಟೈಮ್ಸ್’ ವರದಿಗಾರ ಟರ್ನರ್ ಕ್ಯಾಟ್ಲೆಜ್, ಅಂದು ಸಿಂಕ್ಲೇರ್ ಎಲ್ಲಿ ಮಾತನಾಡುತ್ತಾರೆಂದು ‘ಲಾಸ್ ಏಂಜಲೀಸ್ ಟೈಮ್ಸ್’ನಲ್ಲಿ ಹುಡುಕಿ ಕಾಣದೆ ಅಲ್ಲಿನ ರಾಜಕೀಯ ಸಂಪಾದಕ ಕೈಲ್ ಪಾಮರ್ ಅವರನ್ನು ವಿಚಾರಿಸಿದರು. ಎರಡೂ ಕಡೆಯ ಸುದ್ದಿ ಹಾಕುವ ಪದ್ಧತಿಯೇ ತಮ್ಮಲ್ಲಿಲ್ಲ ಎಂಬರ್ಥದ ಉತ್ತರ ಅವರಿಗೆ ಸಿಕ್ಕಿತು. ರಾಜ್ಯದ ಪ್ರಮುಖ ದಿನಪತ್ರಿಕೆಗಳಲ್ಲಿ ಒಂದೂ ಸಿಂಕ್ಲೇರ್ ಪರ ನಿಲ್ಲಲಿಲ್ಲ.

ಹಾಲಿವುಡ್ ಕೂಡ ಕಣಕ್ಕಿಳಿಯಿತು. ಎಂಜಿಎಂ ಸ್ಟುಡಿಯೊದ ಮುಖ್ಯಸ್ಥ ಲೂಯಿ ಬಿ. ಮೇಯರ್ ರಿಪಬ್ಲಿಕನ್ ಪಕ್ಷದ ರಾಜ್ಯ ನಾಯಕರಾಗಿದ್ದರು. ಸ್ಟುಡಿಯೊ ನೌಕರರಿಂದ ಒಂದು ದಿನದ ಸಂಬಳವನ್ನು ಎದುರಾಳಿ ಫ್ರ್ಯಾಂಕ್ ಮೆರಿಯಮ್ ಅವರ ನಿಧಿಗೆ ಕೇಳಲಾಯಿತು. ನಿರ್ಮಾಪಕ ಅರ್ವಿಂಗ್ ಥಾಲ್‌ಬರ್ಗ್ ಅವರ ಉಸ್ತುವಾರಿಯಲ್ಲಿ ವಾರ್ತಾಚಿತ್ರಗಳ ಸೋಗಿನ ಕಿರುಚಿತ್ರಗಳು ತಯಾರಾದವು. ಅವುಗಳಲ್ಲಿ ಮೆರಿಯಮ್ ಬೆಂಬಲಿಗರು ಅಚ್ಚುಕಟ್ಟಾದ ಗೃಹಸ್ಥರು. ಸಿಂಕ್ಲೇರ್ ಬೆಂಬಲಿಗರು ಗಡ್ಡ ಬಿಟ್ಟ, ಪರದೇಶಿ ಉಚ್ಚಾರಣೆಯ, ಹರಕು ಬಟ್ಟೆಯ ಜನ. ಹೊರರಾಜ್ಯಗಳ ಅಲೆಮಾರಿಗಳು ರೈಲಿನಲ್ಲಿ ತಂಡೋಪತಂಡವಾಗಿ ಬರುತ್ತಿರುವ ದೃಶ್ಯವೂ ಇತ್ತು. ಕಥಾಚಿತ್ರ ನೋಡಲು ಬಂದವರಿಗೆ ಅದಕ್ಕೂ ಮುನ್ನ ಇವನ್ನು ತೋರಿಸಲಾಗುತ್ತಿತ್ತು. ನೋಡುಗರಿಗೆ ಅದು ಸುದ್ದಿ. ಮಾಡಿದವರಿಗೆ ಅದು ಪ್ರಚಾರ. ಹರ್ಸ್ಟ್ ಒಡೆತನದ ‘ಹೆರಾಲ್ಡ್ ಎಕ್ಸ್‌ಪ್ರೆಸ್’ ಪತ್ರಿಕೆಯಂತೂ ಅಲೆಮಾರಿಗಳ ಆಗಮನವೆಂದು ಪ್ರಕಟಿಸಿದ ಫೋಟೊ, 1933ರ ‘ವೈಲ್ಡ್ ಬಾಯ್ಸ್ ಆಫ್ ದಿ ರೋಡ್’ ಚಲನಚಿತ್ರದ ಸ್ಥಿರಚಿತ್ರವಾಗಿತ್ತು.

ಈ ಭೀತಿಗೆ ಕಿಡಿ ಕೊಟ್ಟವರು ಸಿಂಕ್ಲೇರ್ ಅವರೇ ಎಂಬುದನ್ನೂ ಹೇಳಬೇಕು. ತಾವು ಗೆದ್ದರೆ ದೇಶದ ಅರ್ಧದಷ್ಟು ನಿರುದ್ಯೋಗಿಗಳು ಕ್ಯಾಲಿಫೋರ್ನಿಯಕ್ಕೆ ಬಂದಾರೆಂದು ವರದಿಗಾರರೆದುರು ನಗುತ್ತ ಆಡಿದ ಮಾತು ಮರುದಿನದಿಂದ ಬ್ಯಾನರುಗಳಲ್ಲಿ ಮೆರೆಯಿತು. ಪತ್ರಿಕೆಗಳ ಸ್ವಭಾವವನ್ನು ಕುರಿತು ಗ್ರಂಥವನ್ನೇ ಬರೆದವರು ಪತ್ರಕರ್ತರ ಮುಂದೆ ನಾಲಿಗೆ ಸಡಿಲ ಬಿಟ್ಟದ್ದು ವಿಪರ್ಯಾಸ.

ನವೆಂಬರ್ 6ರಂದು ಮೆರಿಯಮ್ 11,38,620 ಮತ ಪಡೆದು ಗೆದ್ದರು. ಸಿಂಕ್ಲೇರ್ ಅವರಿಗೆ 8,79,537 ಮತಗಳು ಬಂದವು. ಮೂರನೆಯ ಅಭ್ಯರ್ಥಿ ರೇಮಂಡ್ ಹೈಟ್ ಪಡೆದ 3,02,519 ಮತಗಳು ಗೆಲುವಿನ ಅಂತರಕ್ಕಿಂತ ಹೆಚ್ಚು.

ಸೋಲಿನ ನಂತರ

ಸೋತ ಕೆಲವೇ ದಿನಗಳಲ್ಲಿ ಸಿಂಕ್ಲೇರ್ ಆ ಕಥೆಯನ್ನು ಬರೆಯಲು ಕುಳಿತರು. ಪ್ರಚಾರಕಾಲದಲ್ಲಿ ಅವರಿಗೆ ಜಾಗ ಕೊಡದ ಪತ್ರಿಕೆಗಳಲ್ಲೂ ಕೆಲವು ಸೋಲಿನ ವೃತ್ತಾಂತವನ್ನು ಧಾರಾವಾಹಿಯಾಗಿ ಪ್ರಕಟಿಸಿದವು. ಅಪಾಯ ಕಳೆದ ಮೇಲೆ ಅಭ್ಯರ್ಥಿ ಮತ್ತೆ ಬರಹಗಾರನಾಗಿದ್ದ. ಚಳವಳಿ ಮಾತ್ರ ವ್ಯರ್ಥವಾಗಲಿಲ್ಲ. ಎಪಿಕ್ ಬೆಂಬಲದಿಂದ ರಾಜ್ಯ ಸೆನೆಟ್ ಪ್ರವೇಶಿಸಿದ ಕಲ್ಬರ್ಟ್ ಓಲ್ಸನ್ 1938ರಲ್ಲಿ ಅದೇ ಮೆರಿಯಮ್ ಅವರನ್ನು ಸೋಲಿಸಿ ಗವರ್ನರ್ ಆದರು. ಇನ್ನೊಂದು ಕಡೆ ವಿಟೇಕರ್ ಮತ್ತು ಬ್ಯಾಕ್ಸ್‌ಟರ್ ಅವರ ವ್ಯಾಪಾರವೂ ಬೆಳೆಯಿತು. 1949ರಲ್ಲಿ ಅಧ್ಯಕ್ಷ ಟ್ರೂಮನ್ ಅವರ ರಾಷ್ಟ್ರೀಯ ಆರೋಗ್ಯ ವಿಮೆಯ ಪ್ರಸ್ತಾಪವನ್ನು ಮಣಿಸಲು ವೈದ್ಯರ ಸಂಘ ನೇಮಿಸಿಕೊಂಡದ್ದು ಅವರನ್ನೇ.

ಸಿಂಕ್ಲೇರ್ ಮತ್ತೆ ಕಾದಂಬರಿಗೆ ಮರಳಿದರು. ನಾಜಿಗಳ ಉದಯವನ್ನು ಕುರಿತ ‘ಡ್ರಾಗನ್ಸ್ ಟೀತ್’ 1943ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. 1967ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಜಾನ್ಸನ್ ಮಾಂಸದ ಗುಣಮಟ್ಟದ ಹೊಸ ಕಾಯ್ದೆಗೆ ಸಹಿ ಹಾಕಿದಾಗ, ಗಾಲಿಕುರ್ಚಿಯಲ್ಲಿ ಕುಳಿತ ವೃದ್ಧ ಲೇಖಕರು ಅಲ್ಲಿದ್ದರು. 1968ರ ನವೆಂಬರ್ 25ರಂದು, ತೊಂಬತ್ತರ ವಯಸ್ಸಿನಲ್ಲಿ ನ್ಯೂಜೆರ್ಸಿಯಲ್ಲಿ ಅವರು ನಿಧನರಾದರು.

ಸತ್ಯವನ್ನು ಅಡಗಿಸುವವರನ್ನು ಜೀವನಪೂರ್ತಿ ದೂರಿದ ಅವರ ಪ್ರಾಮಾಣಿಕತೆಯೂ ಸಾವಿನ ನಂತರ ಪರೀಕ್ಷೆಗೆ ಒಳಗಾಯಿತು. 1927ರಲ್ಲಿ ಮರಣದಂಡನೆಗೆ ಗುರಿಯಾದ ಸ್ಯಾಕೊ ಮತ್ತು ವಂಝೆಟ್ಟಿ ಪ್ರಕರಣವನ್ನು ಆಧರಿಸಿ ಅವರು ‘ಬಾಸ್ಟನ್’ ಎಂಬ ಕಾದಂಬರಿ ಬರೆದಿದ್ದರು. ಅವರಿಬ್ಬರೂ ತಪ್ಪಿತಸ್ಥರೆಂದು ಅವರ ಹಿಂದಿನ ವಕೀಲರೇ ತಮಗೆ ಹೇಳಿದ್ದಾಗಿ ಸಿಂಕ್ಲೇರ್ ಖಾಸಗಿಯಾಗಿ ಬರೆದಿದ್ದ ಪತ್ರವೊಂದು 2005ರಲ್ಲಿ ಬೆಳಕಿಗೆ ಬಂತು. ವಕೀಲರ ಮಾತನ್ನು ಅವರು ಪೂರ್ತಿ ನಂಬಿರಲಿಲ್ಲ, ಆದರೆ ಆ ಸಂಗತಿಯನ್ನು ಓದುಗರ ಮುಂದೆ ನೇರವಾಗಿ ಇಡಲೂ ಇಲ್ಲ. ತನ್ನ ಕಡೆಯವರಿಗೆ ನೋವಾಗುವ ಸುದ್ದಿಯನ್ನು ಹೇಳುವುದು ಎಲ್ಲರಿಗೂ ಕಷ್ಟವೆಂಬುದಕ್ಕೆ ಅವರೂ ಹೊರತಾಗಿರಲಿಲ್ಲ.

ಇಷ್ಟಾಗಿಯೂ 1934ರ ಪ್ರಸಂಗ ಮುಖ್ಯವಾಗುವುದು ಒಬ್ಬ ಲೇಖಕನ ಸೋಲಿನಿಂದಲ್ಲ. ಎಪಿಕ್ ಯೋಜನೆ ನಡೆಯುತ್ತಿತ್ತೇ? ಹಣ ಎಲ್ಲಿಂದ ಬರುತ್ತಿತ್ತು? ಪಾಳುಬಿದ್ದ ಹೊಲ ಮತ್ತು ಮುಚ್ಚಿದ ಕಾರ್ಖಾನೆ ಸೇರಿ ಹಸಿದವರ ಹೊಟ್ಟೆ ತುಂಬುತ್ತಿತ್ತೇ? ಸಂಶಯಕ್ಕೆ ಸಾಕಷ್ಟು ಕಾರಣಗಳಿದ್ದವು, ಆಶೆಗೂ ಇದ್ದವು. ಇವನ್ನು ಪುಟದಲ್ಲಿಟ್ಟು ಒರೆಗೆ ಹಚ್ಚುವುದು ಪತ್ರಿಕೆಗಳ ಕೆಲಸವಾಗಿತ್ತು. ಅದರ ಬದಲು ಹಳೆಯ ಕಾದಂಬರಿಯ ಪಾತ್ರವೊಂದರ ಮಾತು, ಸಿನಿಮಾದ ಫೋಟೊ, ಅಲೆಮಾರಿಗಳ ರೈಲು ಪುಟಗಳನ್ನು ತುಂಬಿದವು. ಸುಮಾರು 23 ಲಕ್ಷ ಮತದಾರರು ತಮ್ಮ ರಾಜ್ಯದ ಹಸಿವಿಗೆ ಪರಿಹಾರ ಯಾವುದೆಂದು ತೀರ್ಮಾನಿಸಬೇಕಿದ್ದ ದಿನ, ಆ ಪ್ರಶ್ನೆಯೇ ಅವರನ್ನು ಸರಿಯಾಗಿ ತಲುಪಿರಲಿಲ್ಲ.